ಒದೆಯಿಂದ ಒಲವು ಹುಟ್ಟಲಿಲ್ಲ

ಶ್ರೀಮಂತ ಹುಡುಗ, ಬಡವರ ಮನೆಯ ಹುಡುಗಿ, ಇಬ್ಬರಿಗೂ ಒಂದೇ ವಿದ್ಯಾಲಯ. ಮೊದಲು ಕಡುದ್ವೇಷ, ಆಮೇಲೆ ಕಡುಪ್ರೇಮ. ಕೊರಿಯದ ಕ್ಯಾಂಪಸ್ ಪ್ರೇಮಕಥೆಗಳ ಈ ಅಚ್ಚನ್ನು ದೇಶದಾಚೆಗೆ ಹಬ್ಬಿಸಿದ ಧಾರಾವಾಹಿಗಳಲ್ಲಿ ‘ಬಾಯ್ಸ್ ಓವರ್ ಫ್ಲವರ್ಸ್’ ಮುಖ್ಯವಾದದ್ದು. ಕೆಬಿಎಸ್ 2 ವಾಹಿನಿಯಲ್ಲಿ 2009ರ ಜನವರಿ 5ರಿಂದ ಮಾರ್ಚ್ 31ರವರೆಗೆ, ವಾರಕ್ಕೆ ಎರಡರಂತೆ 25 ಕಂತುಗಳಲ್ಲಿ ಅದು ಪ್ರಸಾರವಾಯಿತು. ಯೊಕೊ ಕಾಮಿಯೊ 1992ರಲ್ಲಿ ಆರಂಭಿಸಿದ ಜಪಾನಿ ಚಿತ್ರಕಥಾಮಾಲೆ ‘ಹಾನಾ ಯೋರಿ ದಾಂಗೊ’ ಅದರ ಮೂಲ. ಅದೇ ಕಥೆ ಕೊರಿಯಕ್ಕಿಂತ ಮೊದಲು 2001ರಲ್ಲಿ ತೈವಾನಿನಲ್ಲಿ, 2005ರಲ್ಲಿ ಜಪಾನಿನಲ್ಲಿ ಧಾರಾವಾಹಿಯಾಗಿತ್ತು. ಮುಂದೆ ಚೀನಾದಲ್ಲೂ ಥಾಯ್ಲೆಂಡಿನಲ್ಲೂ ಆಯಿತು. ಆದ್ದರಿಂದ ಈ ಕಥೆಯ ತಿರುವನ್ನು ಹೇಗೆ ಓದಬೇಕೆಂಬುದು ಒಂದು ಧಾರಾವಾಹಿಯ ಪ್ರಶ್ನೆಯಾಗಿ ಉಳಿದಿಲ್ಲ. ಒಂದು ಪ್ರಕಾರವನ್ನೇ ಓದುವ ರೀತಿ ಅದರಿಂದ ನಿರ್ಧಾರವಾಗಿದೆ.

ತಿರುವು ಎಂದು ಎಲ್ಲರೂ ಬೆರಳು ಮಾಡುವ ದೃಶ್ಯ ಹೀಗಿದೆ. ಶಿನ್ಹ್ವಾ ಎಂಬ ಭಾರೀ ಉದ್ಯಮ ಸಮೂಹ ನಡೆಸುವ ವಿದ್ಯಾಲಯದಲ್ಲಿ ಎಫ್4 ಎಂಬ ನಾಲ್ವರು ಹುಡುಗರ ಮಾತೇ ಶಾಸನ. ಅವರ ನಾಯಕ, ಸಮೂಹದ ವಾರಸುದಾರ ಗು ಜುನ್‌ಪ್ಯೊ. ಅವನಿಗೆ ಆಗದವರ ಲಾಕರಿನಲ್ಲಿ ರೆಡ್ ಕಾರ್ಡ್ ತೂಗುತ್ತದೆ. ಆ ಕ್ಷಣದಿಂದ ಇಡೀ ಶಾಲೆ ಅವರ ಮೇಲೆ ಬೀಳುತ್ತದೆ. ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿಯವನ ಮಗಳು ಗುಮ್ ಜಾನ್‌ಡಿಗೂ ಒಂದು ದಿನ ಆ ಕಾರ್ಡ್ ಬರುತ್ತದೆ. ಸಹಿಸಿ ಸಹಿಸಿ ಸಾಕಾದ ಅವಳು ಜುನ್‌ಪ್ಯೊನ ಎದುರಿಗೇ ಹೋಗಿ, ಚಿಮ್ಮಿ ಒದ್ದು ಅವನನ್ನು ನೆಲಕ್ಕೆ ಕೆಡವುತ್ತಾಳೆ. ಅಲ್ಲಿಂದ ಅವನ ಮನಸ್ಸು ಅವಳ ಸುತ್ತ ಸುತ್ತತೊಡಗುತ್ತದೆ.

ಈ ದೃಶ್ಯದ ಮೇಲೆ ಕಟ್ಟಿದ ಪೂರ್ವಪಕ್ಷ ಬಲು ಜನಪ್ರಿಯವಾದದ್ದು. ಅದರ ಪ್ರಕಾರ ಒದೆಯೇ ಕಥೆಯ ತಿರುವು. ಅಲ್ಲಿ ದ್ವೇಷ ಪ್ರೀತಿಯಾಗಿ ಮಗುಚುತ್ತದೆ. ದ್ವೇಷವೂ ಪ್ರೀತಿಯೂ ಒಂದೇ ಉತ್ಕಟತೆಯ ಎರಡು ಮುಖಗಳು. ನಿರ್ಲಕ್ಷ್ಯವೊಂದೇ ಪ್ರೀತಿಗೆ ನಿಜವಾದ ವಿರೋಧ. ಹುಡುಗನ ಕ್ರೌರ್ಯ ಹೇಳಿಕೊಳ್ಳಲು ಬಾರದ ಒಲವು. ಹುಡುಗಿಯ ಪ್ರತಿರೋಧ ಅವನ ಕಣ್ಣು ತೆರೆಸಿದ ಕಿಡಿ. ಮುಂದಿನ ಕಂತುಗಳ ಕೆಲಸವೆಂದರೆ ಅಲ್ಲಿ ಹೊತ್ತಿದ್ದನ್ನು ಇಬ್ಬರೂ ಒಪ್ಪಿಕೊಳ್ಳುವಂತೆ ಮಾಡುವುದು ಮಾತ್ರ. ಕೇಳಲು ಸೊಗಸಾದ ಈ ವಾದ ಕಥೆಯ ಘಟನೆಗಳಿಗೆ ಹೊಂದುವುದಿಲ್ಲ, ವೈರ ಎಂಬುದರ ಲಕ್ಷಣಕ್ಕೆ ಹೊಂದುವುದಿಲ್ಲ, ಈ ಪ್ರಕಾರದ ಹಳೆಯ ಮಾದರಿಗೂ ಹೊಂದುವುದಿಲ್ಲ.

ಮೊದಲು ಘಟನೆಗಳು. ಒದೆ ಬಿದ್ದಾಗ ಬದಲಾಗುವುದು ಒಬ್ಬರ ಮನಸ್ಸು ಮಾತ್ರ. ಜಾನ್‌ಡಿಯ ಒಲವು ಆಗ ಯೂನ್ ಜಿಹೂನ ಕಡೆಗಿದೆ. ಎಫ್4ರ ನಾಲ್ವರಲ್ಲಿ ಅವಳ ಕಷ್ಟಕ್ಕೆ ಒದಗಿದವನು ಅವನೊಬ್ಬನೇ. ಜುನ್‌ಪ್ಯೊನ ಮೇಲೆ ಅವಳಿಗಿರುವುದು ಶುದ್ಧ ಸಿಟ್ಟು, ಅದಕ್ಕೆ ಕಾರಣವೂ ಸ್ಪಷ್ಟ. ಇನ್ನು ಜುನ್‌ಪ್ಯೊ ಒದೆಯನ್ನು ಅರ್ಥಮಾಡಿಕೊಳ್ಳುವ ಬಗೆಯನ್ನು ಧಾರಾವಾಹಿ ಹಾಸ್ಯವಾಗಿಯೇ ತೋರಿಸುತ್ತದೆ: ಈ ಹುಡುಗಿ ತನ್ನನ್ನು ಪ್ರೀತಿಸುತ್ತಿದ್ದಾಳೆ, ಹೊರಗೆ ಕೋಪದ ನಾಟಕ ಆಡುತ್ತಿದ್ದಾಳೆ ಎಂದು ಅವನು ತೀರ್ಮಾನಿಸಿಬಿಡುತ್ತಾನೆ. ಹುಡುಗಿಯ ‘ಬೇಡ’ದೊಳಗೆ ‘ಬೇಕು’ ಅಡಗಿದೆ ಎಂಬ ವ್ಯಾಖ್ಯಾನವನ್ನು ಕಥೆಯಲ್ಲಿ ಮೊದಲು ಮಂಡಿಸುವವನು ಅವನೇ, ಕಥೆ ನಗುವುದೂ ಅವನನ್ನೇ. ಪೂರ್ವಪಕ್ಷ ಮಾಡಿರುವುದು ಇಷ್ಟು: ವಿದೂಷಕನ ಸ್ಥಾನದಲ್ಲಿ ನಿಂತ ಪಾತ್ರದ ಭ್ರಮೆಯನ್ನು ಎತ್ತಿಕೊಂಡು ಕಥೆಯ ತಾತ್ಪರ್ಯವೆಂದು ಸಾರಿದೆ.

ಒದೆಯ ನಂತರ ಜುನ್‌ಪ್ಯೊ ನಡೆದುಕೊಳ್ಳುವ ರೀತಿ ಇನ್ನೂ ದೊಡ್ಡ ಸಾಕ್ಷ್ಯ. ಅವನು ತನ್ನ ಆಳುಗಳಿಂದ ಜಾನ್‌ಡಿಯನ್ನು ಬಲವಂತವಾಗಿ ತನ್ನ ಅರಮನೆಯಂಥ ಮನೆಗೆ ಎತ್ತಿಸಿ ತರಿಸುತ್ತಾನೆ. ಅವಳಿಗೆ ದುಬಾರಿ ಉಡುಪು ತೊಡಿಸಿ, ಸಿಂಗಾರ ಮಾಡಿಸಿ, ತನ್ನವಳಾದರೆ ಇದೆಲ್ಲ ಸಿಗುತ್ತದೆ ಎಂಬ ಧಾಟಿಯಲ್ಲಿ ಮಾತಾಡುತ್ತಾನೆ. ಅವಳು ಎಲ್ಲವನ್ನೂ ಬಿಟ್ಟು ಹೊರಡುತ್ತಾಳೆ. ಮುಂದೆ ನ್ಯೂ ಕ್ಯಾಲೆಡೋನಿಯದ ಪ್ರವಾಸದಲ್ಲಿ ಜಿಹೂ ಮತ್ತು ಜಾನ್‌ಡಿ ಹತ್ತಿರವಾದದ್ದನ್ನು ಕಂಡಾಗ ಅವನ ಪ್ರತಿಕ್ರಿಯೆ ಇಬ್ಬರನ್ನೂ ಶಾಲೆಯಿಂದಲೇ ಹೊರಹಾಕುವುದಾಗಿ ಘೋಷಿಸುವುದು. ಅವನ ಅಕ್ಕ ಜುನ್‌ಹೀ ನಡುವೆ ಬಂದು ಸ್ಪರ್ಧೆಗಳ ಮೂಲಕ ಇತ್ಯರ್ಥ ಮಾಡಿಸಬೇಕಾಗುತ್ತದೆ. ರೆಡ್ ಕಾರ್ಡ್ ಹಾಕಿದ ಕೈಯೂ ಉಚ್ಚಾಟನೆಗೆ ಆಜ್ಞೆ ಕೊಟ್ಟ ಕೈಯೂ ಒಂದೇ. ಮೊದಲು ಆ ಬಲ ದಂಡನೆಗೆ ಬಳಕೆಯಾಗುತ್ತಿತ್ತು, ಈಗ ಸ್ವಾಧೀನಕ್ಕೆ ಬಳಕೆಯಾಗುತ್ತಿದೆ. ಗುರಿ ಬದಲಾಗಿದೆ, ಉಪಕರಣ ಬದಲಾಗಿಲ್ಲ. ಉಪಕರಣ ಹಾಗೇ ಉಳಿದಿರುವಾಗ ಅದನ್ನು ತಿರುವು ಎನ್ನುವುದು ತಪ್ಪು.

ಎರಡನೆಯದು ವೈರದ ಲಕ್ಷಣ. ವೈರಿಗಳು ಎನ್ನಿಸಿಕೊಳ್ಳಲು ಇಬ್ಬರಿಗೂ ಹೊಡೆಯುವ ಶಕ್ತಿ ಇರಬೇಕು, ಇಬ್ಬರಿಗೂ ಸೋಲುವ ಅಪಾಯ ಇರಬೇಕು. ಶಿನ್ಹ್ವಾದಲ್ಲಿ ಅದಿಲ್ಲ. ರೆಡ್ ಕಾರ್ಡಿಗೆ ಬಲಿಯಾಗಿ ಛಾವಣಿಯಿಂದ ಹಾರಲು ನಿಂತಿದ್ದ ವಿದ್ಯಾರ್ಥಿಯನ್ನು, ಬಟ್ಟೆ ತಲುಪಿಸಲು ಬಂದಿದ್ದ ಜಾನ್‌ಡಿ ಉಳಿಸುವುದರಿಂದ ಕಥೆ ಮೊದಲಾಗುತ್ತದೆ. ಸುದ್ದಿ ಹಬ್ಬಿ ಶಿನ್ಹ್ವಾ ಸಮೂಹಕ್ಕೆ ಕೆಟ್ಟ ಹೆಸರು ಬರುತ್ತದೆ. ಅದನ್ನು ತೊಳೆದುಕೊಳ್ಳಲು ಸಮೂಹದ ಅಧ್ಯಕ್ಷೆ, ಜುನ್‌ಪ್ಯೊನ ತಾಯಿ ಕಾಂಗ್ ಹೀಸೂ, ಜಾನ್‌ಡಿಗೆ ವಿದ್ಯಾರ್ಥಿವೇತನ ಕೊಟ್ಟು ಶಾಲೆಗೆ ಸೇರಿಸಿಕೊಳ್ಳುತ್ತಾಳೆ. ಅಂದರೆ ಆ ಹುಡುಗಿ ಶಾಲೆಯೊಳಗೆ ಬಂದದ್ದೇ ಒಂದು ಕಂಪನಿಯ ಮಾನ ಉಳಿಸುವ ಲೆಕ್ಕಾಚಾರದಲ್ಲಿ. ಅವಳ ಓದು, ಈಜು, ಮನೆಯವರ ಕನಸು ಎಲ್ಲವೂ ಎದುರಾಳಿಯ ಕುಟುಂಬದ ಕೈಯಲ್ಲಿವೆ. ಅವನ ಅನ್ನಕ್ಕೆ ಅವಳಿಂದ ಯಾವ ಅಪಾಯವೂ ಇಲ್ಲ. ಇಂಥ ಸಂಬಂಧದಲ್ಲಿ ಇರುವುದು ಪೀಡಕ ಮತ್ತು ಪೀಡಿತೆ. ಅದಕ್ಕೆ ವೈರದ ಹೆಸರಿಟ್ಟರೆ ಎರಡೂ ಕಡೆಯ ತಪ್ಪು ಸಮ ಎಂದಂತಾಗುತ್ತದೆ. ಕೊರಿಯದಲ್ಲಿ ಶಾಲಾ ಹಿಂಸೆಯನ್ನು ತಡೆಯುವ ಪ್ರತ್ಯೇಕ ಕಾನೂನು 2004ರಲ್ಲೇ ಬಂದಿತ್ತು. ಐದು ವರ್ಷಗಳ ನಂತರ ತೆರೆಗೆ ಬಂದ ಈ ಕಥೆ ತನ್ನ ಮೊದಲ ದೃಶ್ಯದಲ್ಲೇ ಆ ಹಿಂಸೆಯ ಕೊನೆ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ತೋರಿಸಿದೆ. ಅದನ್ನು ನೋಡಿದ ಮೇಲೂ ರೆಡ್ ಕಾರ್ಡನ್ನು ಪ್ರಣಯದ ಪೀಠಿಕೆ ಎನ್ನುವುದು ಛಾವಣಿಯ ಮೇಲೆ ನಿಂತಿದ್ದ ಹುಡುಗನನ್ನು ಮರೆತವರಿಗೆ ಮಾತ್ರ ಸಾಧ್ಯ.

ಒದೆಯ ಅರ್ಥವೂ ಇಲ್ಲಿಯೇ ಸ್ಪಷ್ಟವಾಗುತ್ತದೆ. ಯಾವ ಆಯುಧವೂ ಇಲ್ಲದವಳು ಮೈಯನ್ನೇ ಆಯುಧ ಮಾಡಿಕೊಂಡ ಕ್ಷಣ ಅದು. ಅದರ ಉದ್ದೇಶ ಕಿರುಕುಳವನ್ನು ನಿಲ್ಲಿಸುವುದು. ಅದನ್ನು ಆಕರ್ಷಣೆಯ ಕಿಡಿ ಎಂದು ಓದಿದರೆ ಪೀಡಿತರಿಗೆ ಉಳಿಯುವ ದಾರಿ ಯಾವುದು? ಸುಮ್ಮನಿದ್ದರೆ ಸಮ್ಮತಿ, ಪ್ರತಿಭಟಿಸಿದರೆ ಆಹ್ವಾನ. ನಿರಾಕರಣೆಗೆ ನಿರಾಕರಣೆ ಎಂಬ ಅರ್ಥವೇ ಇಲ್ಲದಂತೆ ಮಾಡುವ ಈ ತರ್ಕಕ್ಕೆ ಕೊರಿಯದಲ್ಲಿ ಒಂದು ಗಾದೆಯ ಬೆಂಬಲವೂ ಇದೆ: ಹತ್ತು ಏಟಿಗೂ ಉರುಳದ ಮರವಿಲ್ಲ. ಹೆಣ್ಣಿನ ಹಿಂದೆ ಬಿದ್ದು ಒಲಿಸಿಕೊಳ್ಳುವುದನ್ನು ಹೊಗಳಲು ಅದನ್ನು ಬಳಸುತ್ತಾ ಬಂದಿದ್ದಾರೆ. ಬೇಡವೆಂದರೂ ಬೆನ್ನುಹತ್ತುವುದನ್ನು ಅಲ್ಲಿ ಬಹುಕಾಲ ಸಣ್ಣ ದಂಡದ ಅಪರಾಧವಾಗಿಯೇ ನೋಡಲಾಗುತ್ತಿತ್ತು. ಅದನ್ನು ಶಿಕ್ಷಿಸುವ ಪ್ರತ್ಯೇಕ ಕಾನೂನು ಜಾರಿಗೆ ಬಂದದ್ದು 2021ರ ಅಕ್ಟೋಬರಿನಲ್ಲಿ. ಗಾದೆಯ ಕೊಡಲಿಯನ್ನು ಕಾನೂನು ಕಿತ್ತುಕೊಂಡ ಮೇಲೂ ಧಾರಾವಾಹಿಯ ವ್ಯಾಖ್ಯಾನಕಾರರು ಅದನ್ನು ಮಸೆಯುತ್ತಲೇ ಇದ್ದಾರೆ.

ಹಾಗಾದರೆ ‘ಬಾಯ್ಸ್ ಓವರ್ ಫ್ಲವರ್ಸ್’ನ ನಿಜವಾದ ತಿರುವು ಯಾವುದು? ಅದರ ಮುನ್ಸೂಚನೆ ನಾಮ್ಸಾನ್ ಗುಡ್ಡದ ಭೇಟಿಯಲ್ಲಿದೆ. ಜುನ್‌ಪ್ಯೊ ಅಲ್ಲಿಗೆ ಬರಲು ಹೇಳಿ, ಬಾರದ ಜಾನ್‌ಡಿಗಾಗಿ ಹಿಮ ಬೀಳುವ ಚಳಿಯಲ್ಲಿ ಗಂಟೆಗಟ್ಟಲೆ ಕಾಯುತ್ತಾನೆ. ಆಳುಗಳನ್ನು ಕಳಿಸಿ ಎಳೆದು ತರಿಸಬಲ್ಲವನು ಹಾಗೆ ಮಾಡದೆ ಕಾಯುವುದು ಅವನ ಪಾತ್ರದಲ್ಲಿ ಹೊಸ ಸಂಗತಿ. ಅವಳು ಬರಬಹುದು, ಬಾರದೆಯೂ ಇರಬಹುದು, ಆಯ್ಕೆ ಅವಳದು. ಆದರೆ ಇದಿನ್ನೂ ಮುನ್ಸೂಚನೆ ಮಾತ್ರ. ಇಲ್ಲಿ ಅವನು ಕಳೆದುಕೊಳ್ಳುವುದು ಕೆಲವು ಗಂಟೆಗಳನ್ನಷ್ಟೇ.

ತಿರುವು ಬರುವುದು ಹಾಜೆ ಎಂಬ ಮಾಡೆಲ್ ಯುವಕನ ಪ್ರಸಂಗದಲ್ಲಿ. ಅವನು ಜಾನ್‌ಡಿಯ ಸ್ನೇಹ ಸಂಪಾದಿಸಿ, ಅವಳನ್ನು ಅಪಹರಿಸಿ, ಜುನ್‌ಪ್ಯೊನನ್ನು ಕರೆಸಿಕೊಳ್ಳುತ್ತಾನೆ. ಅವನ ಹಗೆಗೆ ಕಾರಣ ರೆಡ್ ಕಾರ್ಡ್. ಛಾವಣಿಯಿಂದ ಹಾರಲು ಹೊರಟಿದ್ದ ವಿದ್ಯಾರ್ಥಿ ಅವನ ಅಣ್ಣ. ಜುನ್‌ಪ್ಯೊ ಒಬ್ಬನೇ ಬರುತ್ತಾನೆ. ಜಾನ್‌ಡಿಗೆ ಅಪಾಯವಾಗದಿರಲೆಂದು ಕೈಯೆತ್ತದೆ ಏಟು ತಿನ್ನುತ್ತಾನೆ. ಅವನ ಮೇಲೆ ಬೀಳಲಿದ್ದ ಕುರ್ಚಿಯ ಏಟಿಗೆ ಜಾನ್‌ಡಿ ಅಡ್ಡ ಬಂದು ತನ್ನ ಭುಜ ಕೊಡುತ್ತಾಳೆ. ಆ ಗಾಯದಿಂದ ಮುಂದೆ ಅವಳ ಈಜೇ ನಿಂತುಹೋಗುತ್ತದೆ. ಇಡೀ ಕಥೆಯ ಎಳೆಗಳು ಇಲ್ಲಿ ಕೂಡುತ್ತವೆ. ಜುನ್‌ಪ್ಯೊ ಮಾಡಿದ ಅನ್ಯಾಯ ಹೆಸರು ಹಿಡಿದು ಎದುರು ಬಂದು ನಿಲ್ಲುತ್ತದೆ. ಹೊಡೆಯಬಲ್ಲವನು ಹೊಡೆಯುವುದಿಲ್ಲ, ಹಣ, ಆಳು, ಹೆಸರು ಯಾವುದೂ ಅವನ ನೆರವಿಗಿಲ್ಲ, ಅವನು ಅವನ್ನು ಕರೆಯುವುದೂ ಇಲ್ಲ. ಜಾನ್‌ಡಿಯ ಕಡೆಯಿಂದಲೂ ಯಾರೂ ಬಲವಂತ ಮಾಡದ, ಬೆಲೆ ತೆತ್ತು ಮಾಡಿದ ಆಯ್ಕೆ ಇಲ್ಲಿ ಕಾಣುತ್ತದೆ. ಒದೆಯ ದೃಶ್ಯದಲ್ಲಿ ಒಬ್ಬನ ಮನಸ್ಸು ಮಾತ್ರ ಅಲುಗಿತು. ಇಲ್ಲಿ ಸಂಬಂಧದ ಸ್ವರೂಪವೇ ಬದಲಾಗುತ್ತದೆ.

ಧಾರಾವಾಹಿ ತನ್ನ ಈ ಸಾಧನೆಯನ್ನು ಪೂರ್ತಿ ಬಳಸಿಕೊಳ್ಳುವುದಿಲ್ಲ ಎಂಬುದೂ ನಿಜ. ರೆಡ್ ಕಾರ್ಡಿನ ಬಲಿಗಳ ಪ್ರಶ್ನೆಯಲ್ಲಿ ಹೆಚ್ಚು ಹೊತ್ತು ನಿಲ್ಲದೆ ಕಥೆ ಮಕಾವಿಗೆ ಹಾರುತ್ತದೆ. ಪೀಡಕನ ಸ್ಥಾನವನ್ನು ತಾಯಿ ಕಾಂಗ್ ಹೀಸೂ ವಹಿಸಿಕೊಳ್ಳುತ್ತಾಳೆ. ಮಗ ಕೆಳಗಿಟ್ಟ ಆಯುಧಗಳನ್ನೆಲ್ಲ ಅವಳು ಎತ್ತಿಕೊಂಡು ಜಾನ್‌ಡಿಯ ಮನೆಯವರ ಮೇಲೂ ಗೆಳತಿಯ ಮನೆಯವರ ಮೇಲೂ ಪ್ರಯೋಗಿಸುತ್ತಾಳೆ. ತಾಯಿಯ ಕ್ರೌರ್ಯ ಹೆಚ್ಚಿದಷ್ಟೂ ಮಗನ ಹಳೆಯ ಕ್ರೌರ್ಯ ನೋಡುಗರ ಮನಸ್ಸಿನಿಂದ ಜಾರುತ್ತದೆ. ಆ ಮರೆವೇ ಒದೆಯ ದೃಶ್ಯವನ್ನು ಸಿಹಿಯಾಗಿಸುತ್ತದೆ. ಅಂತ್ಯ ಮಾತ್ರ ತಿರುವಿನ ತರ್ಕಕ್ಕೆ ನಿಷ್ಠವಾಗಿದೆ: ಜುನ್‌ಪ್ಯೊ ಮದುವೆಯಾಗಲು ಕೇಳುವುದು ನಾಲ್ಕು ವರ್ಷಗಳ ಅಗಲಿಕೆಯ ನಂತರ. ಅಷ್ಟರಲ್ಲಿ ಜಾನ್‌ಡಿ ವೈದ್ಯಕೀಯ ಓದುತ್ತಾ, ಅವನ ಮನೆತನದ ಹಂಗಿಲ್ಲದ ತನ್ನದೇ ದಾರಿಯಲ್ಲಿ ನಿಂತಿರುತ್ತಾಳೆ.

ಮೂರನೆಯದು ಪ್ರಕಾರದ ಹಳೆಯ ಮಾದರಿ. ದ್ವೇಷದಿಂದ ಪ್ರೇಮಕ್ಕೆ ಹೊರಳುವ ಕಥೆಗಳಿಗೆಲ್ಲ ತಾಯಿಬೇರು ಎಂದು ತೋರಿಸುವುದು 1813ರಲ್ಲಿ ಪ್ರಕಟವಾದ ಜೇನ್ ಆಸ್ಟೆನ್‌ಳ ‘ಪ್ರೈಡ್ ಅಂಡ್ ಪ್ರೆಜುಡೀಸ್’ ಕಾದಂಬರಿಯನ್ನು. ಅಲ್ಲಿಯೂ ಡಾರ್ಸಿ ಮೊದಲ ನೃತ್ಯಕೂಟದಲ್ಲಿ ಎಲಿಜಬೆತ್‌ಳನ್ನು ಹೀಗಳೆಯುತ್ತಾನೆ, ಅವಳು ಚುರುಕಾಗಿ ಮಾತು ತಿರುಗಿಸುತ್ತಾಳೆ, ಅವನು ಮರುಳಾಗುತ್ತಾನೆ. ಆದರೆ ಆಸ್ಟೆನ್ ಅದನ್ನು ತಿರುವು ಮಾಡುವುದಿಲ್ಲ. ಅವನ ಮೊದಲ ವಿವಾಹ ಪ್ರಸ್ತಾಪ ಖಡಾಖಂಡಿತವಾಗಿ ತಿರಸ್ಕೃತವಾಗುತ್ತದೆ. ತಿರುವು ಬರುವುದು ಆಮೇಲೆ ಅವನು ಬರೆದ ಪತ್ರವನ್ನು ಎಲಿಜಬೆತ್ ಮತ್ತೆ ಮತ್ತೆ ಓದಿ, ವಿಕ್‌ಹ್ಯಾಮ್‌ನ ವಿಷಯದಲ್ಲಿ ತಾನು ನಂಬಿದ್ದು ಸುಳ್ಳೆಂದು ಅರಿತಾಗ. ಅದು ಪೂರ್ಣವಾಗುವುದು ಅವಳ ತಂಗಿಯ ಮಾನ ಉಳಿಸಲು ಡಾರ್ಸಿ ಗುಟ್ಟಾಗಿ ಹಣ ಸುರಿದು, ಅದನ್ನು ಅವಳ ಮುಂದೆ ಹೇಳಿಕೊಳ್ಳದೆ ಉಳಿದಾಗ. ಉಪಕಾರವನ್ನು ಹಕ್ಕುಪತ್ರವಾಗಿ ಬಳಸದಿರುವುದೇ ಅವನಲ್ಲಿ ಆದ ಬದಲಾವಣೆ. ಈ ಕಾದಂಬರಿಯ ಹೆಸರು ಹೇಳಿ ಒದೆಯನ್ನು ಸಮರ್ಥಿಸುವವರು ಅದರ ಮೊದಲ ಅಧ್ಯಾಯಗಳ ಆಚೆಗೆ ಹೋದಂತಿಲ್ಲ.

ಕೊರಿಯದ ನಂತರದ ಕ್ಯಾಂಪಸ್ ಕಥೆಗಳು ಇದೇ ಮಾತನ್ನು ಇನ್ನಷ್ಟು ಗಟ್ಟಿಮಾಡುತ್ತವೆ. ಸೂನ್‌ಕಿ ಎಂಬ ಲೇಖನನಾಮದ ಕರ್ತೃವಿನ ವೆಬ್‌ಟೂನ್ ಆಧರಿಸಿ ಟಿವಿಎನ್ ವಾಹಿನಿ 2016ರ ಜನವರಿಯಿಂದ ಮಾರ್ಚ್‌ವರೆಗೆ 16 ಕಂತುಗಳಲ್ಲಿ ಪ್ರಸಾರ ಮಾಡಿದ ‘ಚೀಸ್ ಇನ್ ದ ಟ್ರ್ಯಾಪ್’ ವಿಶ್ವವಿದ್ಯಾಲಯದ ಕಥೆ. ಹಾಂಗ್ ಸೊಲ್ ಕಷ್ಟಪಟ್ಟು ಓದುವ ವಿದ್ಯಾರ್ಥಿನಿ. ಯೂ ಜಂಗ್ ಎಲ್ಲರ ಮೆಚ್ಚಿನ, ಸಿರಿವಂತ ಹಿರಿಯ ವಿದ್ಯಾರ್ಥಿ. ಅವನ ನಗುಮೊಗದ ಹಿಂದೆ ಬೇರೇನೋ ಇದೆಯೆಂದು ಅವಳೊಬ್ಬಳಿಗೆ ಅನುಮಾನ. ಅವನು ಅದನ್ನು ಗಮನಿಸಿ ಅವಳಿಗೆ ತಣ್ಣನೆಯ ಹಗೆ ತೋರಿಸುತ್ತಾನೆ. ಮರುವರ್ಷ ಇದ್ದಕ್ಕಿದ್ದಂತೆ ಊಟಕ್ಕೆ ಕರೆಯತೊಡಗುತ್ತಾನೆ. ಪೂರ್ವಪಕ್ಷದ ಪ್ರಕಾರ ತಿರುವು ಅಲ್ಲಿಗೆ ಆಗಿಹೋಯಿತು. ಆದರೆ ಇಬ್ಬರೂ ಜೋಡಿಯಾದ ಮೇಲೂ ಅನುಮಾನ ಸಾಯುವುದಿಲ್ಲ, ಏಕೆಂದರೆ ಅದು ಸರಿಯಾದ ಅನುಮಾನ. ತನ್ನನ್ನು ಹಿಂಬಾಲಿಸಿ ಕಾಡಿದ ಓ ಯಂಗ್‌ಗೊನ್‌ನನ್ನು ಹಿಂದೆ ಮೊಬೈಲ್ ಸಂದೇಶಗಳಿಂದ ಹುರಿದುಂಬಿಸಿದವನು ಯೂ ಜಂಗ್ ಎಂದು ಸೊಲ್‌ಗೆ ಗೊತ್ತಾಗುತ್ತದೆ. ಪರರ ಕೈಯಿಂದ ಏಟು ಹಾಕಿಸುವುದೇ ಅವನ ವಿದ್ಯೆ. ಅವನು ಅವಳನ್ನು ಪ್ರೀತಿಸುತ್ತಾನೆಯೇ ಎಂಬುದು ಬಹುಬೇಗ ಇತ್ಯರ್ಥವಾಗುತ್ತದೆ. ಅವನು ಆ ವಿದ್ಯೆಯನ್ನು ಬಿಡಬಲ್ಲನೇ ಎಂಬುದು ಕೊನೆಯವರೆಗೂ ಇತ್ಯರ್ಥವಾಗುವುದಿಲ್ಲ. ಅದಕ್ಕೇ ಅವನು ದೂರ ಹೋಗುತ್ತಾನೆ, ಅದಕ್ಕೇ ಮುಗಿತಾಯ ತೆರೆದೇ ಉಳಿಯುತ್ತದೆ. ಪ್ರೀತಿ ಇದ್ದೂ ತಿರುವು ಬಾರದ ಕಥೆಯೊಂದು ಸಾಧ್ಯವಿದ್ದರೆ, ಪ್ರೀತಿ ಹುಟ್ಟಿದ ಕ್ಷಣವೇ ತಿರುವು ಎಂಬ ಸಿದ್ಧಾಂತ ಅಲ್ಲಿಗೆ ಮುರಿಯುತ್ತದೆ.

ಇನ್ನೊಂದು ತುದಿಯಲ್ಲಿ ಎಂಬಿಸಿ ವಾಹಿನಿಯಲ್ಲಿ 2016ರ ನವೆಂಬರಿನಿಂದ 2017ರ ಜನವರಿವರೆಗೆ ಬಂದ ‘ವೇಟ್‌ಲಿಫ್ಟಿಂಗ್ ಫೇರಿ ಕಿಮ್ ಬೊಕ್‌ಜು’ ಇದೆ. ಕ್ರೀಡಾ ವಿಶ್ವವಿದ್ಯಾಲಯದ ಭಾರ ಎತ್ತುವ ಹುಡುಗಿ ಬೊಕ್‌ಜು, ಈಜುಗಾರ ಜಂಗ್ ಜುನ್‌ಹ್ಯಂಗ್. ಇಬ್ಬರದೂ ಎಣ್ಣೆ–ಸೀಗೆಕಾಯಿ ಸಂಬಂಧ. ಆದರೆ ಇಬ್ಬರೂ ಒಂದೇ ನೆಲದ ಮೇಲೆ ನಿಂತವರು: ಒಂದೇ ಆವರಣ, ಒಂದೇ ಬಗೆಯ ತರಬೇತಿ, ಸೋತರೆ ಇಬ್ಬರಿಗೂ ಒಂದೇ ಬಗೆಯ ನಷ್ಟ. ಬೊಕ್‌ಜು ತನಗೆ ಮೆಚ್ಚುಗೆಯಾದ ವೈದ್ಯನನ್ನು ನೋಡಲೆಂದೇ, ತಾನು ಯಾರೆಂದು ಮುಚ್ಚಿಟ್ಟು, ತೂಕ ಇಳಿಸುವ ಚಿಕಿತ್ಸಾಲಯಕ್ಕೆ ಸೇರುತ್ತಾಳೆ. ಆ ವೈದ್ಯ ಜುನ್‌ಹ್ಯಂಗ್‌ನ ಮನೆಯವನೇ. ಗುಟ್ಟು ಜುನ್‌ಹ್ಯಂಗ್‌ನ ಕೈಗೆ ಸಿಕ್ಕುತ್ತದೆ. ಮೊದಮೊದಲು ಅದನ್ನು ಹಿಡಿದು ಅವಳನ್ನು ಆಡಿಸುತ್ತಾನೆ. ಕ್ರಮೇಣ ಆಡಿಸುವುದು ನಿಂತು ಗುಟ್ಟನ್ನು ಕಾಯುವುದು ಶುರುವಾಗುತ್ತದೆ. ಈಜಿನ ಆರಂಭದಲ್ಲೇ ತಪ್ಪಿ ಅನರ್ಹನಾದ ಅವನ ಭಯವನ್ನು ಅವಳೂ ತಿಳಿದು, ಹಾಸ್ಯ ಮಾಡದೆ ಜೊತೆ ನಿಲ್ಲುತ್ತಾಳೆ. ಕೈಯಲ್ಲಿರುವ ಅಸ್ತ್ರ ತಾಗುತ್ತದೆ ಎಂದು ಗೊತ್ತಿದ್ದೂ ಪ್ರಯೋಗಿಸದಿರುವುದು: ಇಲ್ಲಿಯೂ ತಿರುವಿನ ಲಕ್ಷಣ ಅದೇ.

ಪೂರ್ವಪಕ್ಷಕ್ಕೆ ಮನಶ್ಶಾಸ್ತ್ರದ ಆಸರೆಯನ್ನೂ ಹುಡುಕುವುದುಂಟು. ಡಟನ್ ಮತ್ತು ಆರನ್ ಎಂಬ ಸಂಶೋಧಕರು 1974ರಲ್ಲಿ ಪ್ರಕಟಿಸಿದ, ಕೆನಡಾದ ಕ್ಯಾಪಿಲಾನೊ ತೂಗುಸೇತುವೆಯ ಮೇಲೆ ನಡೆಸಿದ ಪ್ರಯೋಗ ಅದಕ್ಕೆ ಮುಖ್ಯ ಆಧಾರ. ಎತ್ತರದ, ಓಲಾಡುವ ಸೇತುವೆ ದಾಟಿದ ಗಂಡಸರು, ಅಲ್ಲಿ ಎದುರಾದ ಸಂದರ್ಶಕಿಗೆ ಆಮೇಲೆ ದೂರವಾಣಿ ಕರೆ ಮಾಡಿದ ಪ್ರಮಾಣ ಸಾಧಾರಣ ಸೇತುವೆ ದಾಟಿದವರಿಗಿಂತ ಹೆಚ್ಚು. ಭಯದ ಎದೆಬಡಿತವನ್ನು ಮನಸ್ಸು ಆಕರ್ಷಣೆಯೆಂದು ತಪ್ಪು ತಿಳಿಯಬಲ್ಲದು ಎಂಬುದು ಅದರ ನಿಗಮನ. ಆದರೆ ಅಲ್ಲಿ ಹೆದರಿಸಿದ್ದು ಸೇತುವೆ, ಸಂದರ್ಶಕಿಯಲ್ಲ. ತನ್ನನ್ನು ಹಿಂಸಿಸಿದವನ ಮೇಲೇ ಒಲವು ಹುಟ್ಟುತ್ತದೆ ಎಂಬುದಕ್ಕೆ ಆ ಪ್ರಯೋಗ ಸಾಕ್ಷಿಯಾಗದು. ಅದು ವಿವರಿಸುವುದು ಒಂದು ತಪ್ಪು ಗ್ರಹಿಕೆಯನ್ನು. ಜುನ್‌ಪ್ಯೊ ಒದೆ ತಿಂದು ಮಾಡಿಕೊಂಡದ್ದೂ ಅದನ್ನೇ. ತಪ್ಪು ಗ್ರಹಿಕೆಯಿಂದ ಕಥೆ ಆರಂಭವಾಗಬಹುದು, ನಂಬಿಕೆ ಆರಂಭವಾಗುವುದಿಲ್ಲ.

ಇದು ಕನಸಿನ ಲೋಕ, ನೋಡುವವರಿಗೆ ಅದು ಗೊತ್ತಿದೆ, ನೀತಿಯ ತಕ್ಕಡಿ ಇಲ್ಲೇಕೆ ಎಂಬುದು ಇನ್ನೊಂದು ಆಕ್ಷೇಪ. ನೋಡುಗರ ವಿವೇಕವನ್ನು ಸಂದೇಹಿಸಬೇಕಾದ್ದಿಲ್ಲ. ಆದರೆ ಇಲ್ಲಿನ ಚರ್ಚೆ ಇಂಥ ಕಥೆಗಳನ್ನು ನೋಡಬಹುದೇ ಎಂಬುದಲ್ಲ, ಅವುಗಳಲ್ಲಿ ನಡೆಯುವುದೇನು ಎಂಬುದು. ಕನಸಿನ ಕಥೆಗೂ ಕಾರ್ಯಕಾರಣ ಬೇಕು. ಒದೆಯೇ ತಿರುವಾಗಿದ್ದರೆ ಆಮೇಲಿನ ಇಪ್ಪತ್ತಕ್ಕೂ ಹೆಚ್ಚು ಕಂತುಗಳು ಬರೀ ವಿಳಂಬವಾಗುತ್ತವೆ, ಹಾಜೆಯ ಹಗೆ ಅಡ್ಡಕಥೆಯಾಗುತ್ತದೆ, ಜಾನ್‌ಡಿಯ ಭುಜದ ಗಾಯ ಆಕಸ್ಮಿಕವಾಗುತ್ತದೆ. ಆಯುಧ ಇಳಿಸಿದ್ದೇ ತಿರುವು ಎಂದಾಗ ಇವೆಲ್ಲಕ್ಕೂ ಕಥೆಯಲ್ಲಿ ಸ್ಥಾನ ಸಿಗುತ್ತದೆ. ಹೆಚ್ಚು ಘಟನೆಗಳನ್ನು ವಿವರಿಸುವ ಓದೇ ಉತ್ತಮ ಓದು. ಇದಕ್ಕೆ ನೀತಿಯ ತಕ್ಕಡಿ ಬೇಕಿಲ್ಲ.

ಇಷ್ಟಾದರೂ ತಪ್ಪು ಓದು ಬೇರೂರಲು ಕಾರಣ ಪ್ರದರ್ಶನದ ರೀತಿಯಲ್ಲಿದೆ. ವಾರಕ್ಕೆರಡು ಕಂತು ಕೊಡುವ ಕೊರಿಯದ ಪದ್ಧತಿಯಲ್ಲಿ ಪ್ರತಿ ಕಂತಿನ ಕೊನೆಯೂ ನೋಡುಗರನ್ನು ಮುಂದಿನದಕ್ಕೆ ಕಟ್ಟಿಹಾಕಬೇಕು. ಒದೆ, ಮಣಿಕಟ್ಟು ಹಿಡಿದು ಎಳೆಯುವುದು, ದಿಢೀರ್ ಮುತ್ತು, ಇವು ಅರೆನಿಮಿಷದಲ್ಲಿ ಮುಗಿಯುತ್ತವೆ. ಹಾಡಿನೊಡನೆ ಚೌಕಟ್ಟಿನಲ್ಲಿ ಹಿಡಿದಿಡಬಹುದು, ತುಣುಕಾಗಿ ಕತ್ತರಿಸಿ ಹಂಚಬಹುದು. ಅಧಿಕಾರ ಬಿಟ್ಟುಕೊಡುವುದು, ಕಾಯುವುದು, ಗುಟ್ಟು ಕಾಪಾಡುವುದು ಹಲವು ಕಂತುಗಳ ಮೇಲೆ ಹರಡಿಕೊಂಡ ಕ್ರಿಯೆಗಳು, ತುಣುಕಿಗೆ ಒಗ್ಗುವುದಿಲ್ಲ. ಕತ್ತರಿಸಲು ಸುಲಭವಾದದ್ದು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಮತ್ತೆ ಮತ್ತೆ ಕಂಡದ್ದು ಮುಖ್ಯವೆನ್ನಿಸುತ್ತದೆ. ಹೀಗೆ ಕಥೆಯ ಅತ್ಯಂತ ಗದ್ದಲದ ಕ್ಷಣಕ್ಕೆ ಅದರ ನಿರ್ಣಾಯಕ ಕ್ಷಣವೆಂಬ ಪಟ್ಟ ದೊರೆತಿದೆ.

ಈ ಪ್ರಕಾರದ ಯಾವುದೇ ಕಥೆಯಲ್ಲಿ ತಿರುವನ್ನು ಗುರುತಿಸಲು ಯಾರ ಎದೆ ಯಾವಾಗ ಬಡಿಯಿತು ಎಂದು ನೋಡಿದರೆ ಸಾಲದು. ಬಲವುಳ್ಳವರು ಯಾವ ಆಯುಧದಿಂದ ನೋಯಿಸುತ್ತಿದ್ದರು, ಅದನ್ನು ಎಲ್ಲಿ ಇಳಿಸಿದರು, ಇಳಿಸಿದ ಮೇಲೆ ಎದುರಿನವರಿಗೆ ಬಿಟ್ಟುಹೋಗುವ ದಾರಿ ನಿಜಕ್ಕೂ ತೆರೆದಿತ್ತೇ, ಆ ದಾರಿ ತೆರೆದಿದ್ದೂ ಅವರು ಉಳಿದರೇ ಎಂದು ನೋಡಬೇಕು. ರೆಡ್ ಕಾರ್ಡ್, ಸಂದೇಶ, ಗುಟ್ಟು ಎಂಬ ಮೂರು ಆಯುಧಗಳ ಮೂರು ಕಥೆಗಳೂ ಈ ಪರೀಕ್ಷೆಗೆ ಸ್ಪಷ್ಟ ಉತ್ತರ ಕೊಡುತ್ತವೆ: ಒಂದರಲ್ಲಿ ಆಯುಧ ತಡವಾಗಿ ಇಳಿಯಿತು, ಒಂದರಲ್ಲಿ ಇಳಿಯಿತೇ ಎಂಬುದು ತೀರ್ಮಾನವಾಗಲಿಲ್ಲ, ಒಂದರಲ್ಲಿ ಸಹಜವಾಗಿ ಇಳಿಯಿತು. ಜಾನ್‌ಡಿಯ ಒದೆ ಪ್ರತಿಭಟನೆಯಾಗಿಯೇ ದೊಡ್ಡದು. ಅದನ್ನು ಪ್ರೇಮದ ಖಾತೆಗೆ ಬರೆದುಕೊಳ್ಳಲು ಕಥೆಯಲ್ಲಿ ಯಾವ ಆಧಾರವೂ ಇಲ್ಲ.